ಅಜೆಂಡಾದಲ್ಲಿ ಇಲ್ಲದ ದಾರಿ

ಮಾವಿನಕುಪ್ಪ, ಉದ್ದನಪಲ್ಲಿ ಅಂಚೆ
6-8-2008

ಪ್ರೀತಿಯ ಅಣ್ಣಾ,

ಎದೆಯ ಆಪರೇಷನ್ ಗಾಯ ಒಣಗಿತೇ? ಸೇಲಂ ಬಿಸಿಲು ಮೈಗೆ ಹಿಡಿಸಿತೇ? ಮಗಳು ಭಾನು ಅಪ್ಪನೆಂಬ ಮುದ್ದಿಗೆ ಮುದ್ದೆಯ ಮೇಲೆ ತುಪ್ಪ ಸುರಿಯುತ್ತಿರುತ್ತಾಳೆ, ನೀನೂ ಸಾಕು ಅನ್ನುವವನಲ್ಲ. ಫೋನಿನಲ್ಲಾದರೆ ನೀನು ದನಿ ಎತ್ತುತ್ತೀಯ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಹತ್ತು ವರ್ಷ ನೀನು ಪಂಚಾಯಿತಿ ಪ್ರೆಸಿಡೆಂಟಾಗಿದ್ದೆ. ಸೀಟು ಹೆಂಗಸರಿಗೆ ಅಂತಾದಾಗ ನನ್ನನ್ನು ನಿಲ್ಲಿಸಿದೆ. ಸಭೆಗೆ ಮುಂಚೆ ನೀನು ಫೋನಿನಲ್ಲಿ ಹೇಳುವುದು, ನಾನು ಗುಮಾಸ್ತ ಕುಮಾರೇಶನಿಗೆ ಒಪ್ಪಿಸುವುದು, ಅವನು ತಮಿಳಿನಲ್ಲಿ ಅಜೆಂಡಾ ಬರೆಯುವುದು, ಇದೇ ನಮ್ಮ ಆಡಳಿತ. ಅಜೆಂಡಾದಲ್ಲಿ ಬೀದಿ ದೀಪ ಬರುತ್ತದೆ, ನಲ್ಲಿ ಬರುತ್ತದೆ. ಕೆಳಗಿನ ಕೇರಿಯ ಸ್ಮಶಾನಕ್ಕೆ ನಮ್ಮ ಮಾವಿನ ತೋಪಿನ ಅಂಚಿನಲ್ಲಿ ಹತ್ತಡಿ ದಾರಿ ಕೇಳಿದ ದಾಸಪ್ಪನ ಅರ್ಜಿ ಮಾತ್ರ ಬರುವುದಿಲ್ಲ. ಅವನು ಎದ್ದರೆ ನೀನು ಹೇಳುತ್ತಿದ್ದುದು ಒಂದೇ ಮಾತು, "ಅಜೆಂಡಾದಾಗಿಲ್ಲ, ಕೂತ್ಕಳಯ್ಯ." ನಾನೂ ಅದನ್ನೇ ಕಲಿತೆ.

ಹೋದ ಅಕ್ಟೋಬರ್ ಮಳೆಯಲ್ಲಿ ಅವನ ತಾಯಿ ಪಿಳ್ಳಮ್ಮನ ಹೆಣ, ಬೇರೆ ದಾರಿಯಿಲ್ಲದೆ ಕೋಡಿ ಕಾಲುವೆ ದಾಟಿಸುವಾಗ, ಹೆಗಲು ಜಾರಿ ನೀರಿಗೆ ಬಿತ್ತು. ಎರಡು ಫರ್ಲಾಂಗು ಕೆಳಗೆ ಸಿಕ್ಕಿತು. ನಿನ್ನ ಹೊಕ್ಕುಳಬಳ್ಳಿ ಕೊಯ್ದ ಕೈ ಅವಳದು ಅಣ್ಣಾ, ನನ್ನದನ್ನು ಕೊಯ್ದದ್ದೂ ಅವಳೇ. ನಾನು ದಡದಲ್ಲಿ ಕೊಡೆ ಹಿಡಿದು ನಿಂತಿದ್ದೆ.

ಅಂದಿನಿಂದ ಅಜೆಂಡಾ ಬರೆಸಲು ಕೂತರೆ ಸಾಕು, ಹಾಡುಹಗಲಲ್ಲೇ ತಮಟೆ ಕೇಳುತ್ತದೆ. ಹೊರಗೆ ಹೋದರೆ ಬೀದಿ ಖಾಲಿ. ಕುಮಾರೇಶನಿಗೆ ಏನೂ ಕೇಳುವುದಿಲ್ಲವಂತೆ. ಮೇ ತಿಂಗಳ ಗ್ರಾಮಸಭೆಯಲ್ಲಿ ದಾಸಪ್ಪ ಎದ್ದ. ನಾನು ಬಾಯಿ ತೆರೆಯುವ ಮೊದಲೇ, "ಅಜೆಂಡಾದಾಗಿಲ್ಲ, ಅಲ್ವೇನಮ್ಮಾ? ಕೂತ್ಕತೀನಿ ಬುಡಿ" ಅಂದು ಕೂತ. ಅವನು ಬೈದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಆಗಸ್ಟ್ ಹದಿನೈದರ ಸಭೆಗೆ ಮೊದಲನೆಯ ವಿಷಯವಾಗಿ ಆ ದಾರಿಯನ್ನೇ ಬರೆಸಿದ್ದೇನೆ. ನಿನ್ನನ್ನು ಕೇಳಲಿಲ್ಲ. ನೋಟಿಸು ಮೆಂಬರುಗಳ ಕೈ ಸೇರಿದೆ, ಇನ್ನು ಹಿಂದಕ್ಕೆ ಬರುವುದಿಲ್ಲ. ಆದರೆ ಜಾಗ ನಿನ್ನ ಹೆಸರಲ್ಲಿದೆ, ನಿನ್ನ ಒಪ್ಪಿಗೆ ಪತ್ರವಿಲ್ಲದೆ ತೀರ್ಮಾನ ಬರೀ ಕಾಗದ. ಕೋಪ ಮಾಡಿಕೋ, ಆದರೆ ರುಜು ಹಾಕಿ ಕಳಿಸು. ಐದು ಮರ ಹೋಗುತ್ತವೆ, ನಾನೇ ಎಣಿಸಿ ಬಂದೆ.

ಅತ್ತಿಗೆಗೆ ನಮಸ್ಕಾರ, ಭಾನುವಿಗೆ ನನ್ನ ಆಶೀರ್ವಾದ. ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ,
ಇಂದ್ರಮ್ಮ

ಮರೆತೆ: ಹಾಗಲ್ಲ, ಬರೆಯಲು ಕೈ ಬರಲಿಲ್ಲ. ಅಮ್ಮ ನಾಲ್ಕು ದಿನದಿಂದ ಗಂಜಿಯನ್ನೂ ಮುಟ್ಟಿಲ್ಲ. ಸತ್ತರೆ ತೋಪಿನಲ್ಲಿ ಅಪ್ಪನ ಪಕ್ಕ ಮಣ್ಣು ಮಾಡುವುದು ಬೇಡವಂತೆ. "ಮಗ ದಾರಿ ಬುಡದಿದ್ರೆ ಪಿಳ್ಳಮ್ಮನ್ ಹಂಗೆ ನನ್ನೂ ಆ ಕಾಲುವೇಲೇ ಹೊತ್ಕಂಡೋಗಿ" ಅಂತ ನನ್ನ ಕೈಯಲ್ಲಿ ಆಣೆ ಇಡಿಸಿಕೊಂಡಿದ್ದಾಳೆ. ಮಳೆ ಶುರುವಾಗಿದೆ, ಕಾಲುವೆಯ ನೀರು ಸೊಂಟಕ್ಕೆ ಬಂದಿದೆ. ಬೆಂಕಿ ಮಡಕೆ ಹಿಡಿದು ಮುಂದೆ ಇಳಿಯಬೇಕಾದವನು ನೀನು.