ನಮ್ಮ ಮನೆಗೆ ಬಾರದ ಉಪ್ಪಿಟ್ಟು

ಪ್ರೀತಿಯ ಅಪ್ಪನಿಗೆ,

ಕ್ಷೇಮ ಸಮಾಚಾರ ಕೇಳುವ ಹಾಗಿಲ್ಲ, ನನ್ನದು ಹೇಳುತ್ತೇನೆ. ಸುಸ್ತಾಗಿದ್ದೇನೆ. ಬೆಳಿಗ್ಗೆ ಭದ್ರಾವತಿಯಲ್ಲಿ ಬಸ್ಸು ಹತ್ತಿದರೆ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಸಂಜೆಯವರೆಗೆ ನಿಂತೇ ಇರಬೇಕು. ಗಿರಾಕಿಗಳು ಬಿಚ್ಚಿಸಿದ ಸೀರೆಗಳನ್ನೆಲ್ಲ ಮಡಚಿಟ್ಟು ಮನೆಗೆ ಬಂದರೆ ಅಮ್ಮನ ಮಾತ್ರೆ, ಅಮ್ಮನ ಊಟ. ನೀನು ಹೋಗಿ ವರ್ಷವಾಯಿತು. ನಿನ್ನ ಮೇಲೆ ಒಂದು ಸಿಟ್ಟಿದೆ, ಅದನ್ನು ಹೇಳಲೆಂದೇ ಕೂತಿದ್ದೇನೆ.

ನಮ್ಮ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ನೀನು ಮೊದಲು ಮಾಡುತ್ತಿದ್ದ ಕೆಲಸ ನೆನಪಿದೆಯೇ? ಅಂಗಿಯ ತೋಳು ಮಡಚಿ ನಮ್ಮ ಅಡುಗೆಮನೆಗೆ ನುಗ್ಗುವುದು. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ನೆರೆಯವರೇ ಊಟ ತರಬೇಕು. ನಮ್ಮ ಬೀದಿಯಲ್ಲಿ ನೆರೆಯವರು ಎಂದರೆ ನೀನೊಬ್ಬನೇ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನವಿಡೀ ಬೇಯಿಸಿ ಬಂದವನು ಮತ್ತೆ ಇಪ್ಪತ್ತು ಜನಕ್ಕೆ ಉಪ್ಪಿಟ್ಟು ಮಾಡಲು ನಿಲ್ಲುತ್ತಿದ್ದೆ. "ಊರ ಉಸಾಬರಿಯೆಲ್ಲ ನಿಮಗೇ ಯಾಕ್ರೀ?" ಎಂದು ಅಮ್ಮ ಗೊಣಗುತ್ತಿದ್ದಳು. ನೀನು ಮೊದಲು ಅವಳಿಗೆ, ನನಗೆ ಬಡಿಸಿ, "ನೀವು ತಿಂದ್ರೆ ನಂಗೆ ಕೈ ಓಡುತ್ತೆ ಮಾರಾಯ್ತಿ. ಅಳೋರಿಗೆ ಹಸಿವು ಗೊತ್ತಾಗಲ್ಲ, ಅವರ ಮಕ್ಕಳಿಗೆ ಗೊತ್ತಾಗುತ್ತೆ" ಎನ್ನುತ್ತಿದ್ದೆ. ಯಾರಾದರೂ ಕೈ ಜೋಡಿಸಲು ಬಂದರೆ, "ನೀವು ಅವರ ಹತ್ರ ಕೂತ್ಕೊಳ್ಳಿ, ಇದನ್ನ ನಾನು ನೋಡ್ಕೋತೀನಿ" ಎಂದು ಕಳಿಸಿಬಿಡುತ್ತಿದ್ದೆ. ಅಲ್ಲೇ ಅಪ್ಪ, ನೀನು ತಪ್ಪಿದ್ದು.

ನೀನು ಹೋದ ದಿನ ಬೀದಿಗೆ ಬೀದಿಯೇ ನಮ್ಮ ಅಂಗಳದಲ್ಲಿತ್ತು. ಹಾರ ತಂದರು, ಹೆಗಲು ಕೊಟ್ಟರು, ಅತ್ತರು. ಸ್ಮಶಾನದಿಂದ ಬಂದಮೇಲೆ ಸ್ನಾನಕ್ಕೆಂದು ಅವರವರ ಮನೆಗೆ ಹೋದರು. ಊಟ ಮಾತ್ರ ಯಾರ ಮನೆಯಿಂದಲೂ ಬರಲಿಲ್ಲ. ಅವರು ಕೆಟ್ಟವರಲ್ಲ. ಸಾವಿನ ಮನೆಗೆ ಊಟ ತಾನಾಗಿಯೇ ಬರುತ್ತದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದವರು. ನಾಲ್ಕು ಗಂಟೆಗೆ ಸಕ್ಕರೆ ಕಾಯಿಲೆಯ ಅಮ್ಮ ಕೂತಲ್ಲೇ ವಾಲಿದಳು. ಶಾಸ್ತ್ರ ಹಾಳಾಗಿ ಹೋಗಲಿ ಎಂದು ಒದ್ದೆ ಕೂದಲಲ್ಲೇ ನಾನು ಒಲೆ ಹಚ್ಚಿದೆ. ಅಳು ಉಕ್ಕಿ ಬಂದಿತ್ತು, ಆದರೆ ರವೆ ಸೀಯಬಾರದಲ್ಲ. ನುಂಗಿಕೊಂಡೆ. ಆಮೇಲೆ ಅದು ಮತ್ತೆ ಬರಲೇ ಇಲ್ಲ.

ಈ ಬೀದಿಗೆ ಇನ್ನು ಒಂದು ಲೋಟ ನೀರೂ ಕೊಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದೆ.

ಮೊನ್ನೆ ಸಂಜೆ ಬಸ್ಸು ಮಾಚೇನಹಳ್ಳಿ ದಾಟುವಾಗ ಅಮ್ಮನ ಫೋನು ಬಂತು. ಎದುರು ಮನೆಯ ಸೆಲ್ವಿ ಅಕ್ಕನ ಗಂಡ ಬೆಳಿಗ್ಗೆ ತೀರಿಕೊಂಡರಂತೆ, ಎಲ್ಲ ಮುಗಿಸಿಕೊಂಡು ಬಂದರಂತೆ. "ಮೊಮ್ಮಕ್ಕಳು ಜಗುಲಿ ಮೇಲೆ ಕೂತಿದಾವೆ ಕಣೇ. ಯಾರೂ ಏನೂ ತಂದಂಗಿಲ್ಲ" ಎಂದಳು. "ನಮಗ್ಯಾರು ತಂದ್ರಮ್ಮ?" ಎಂದು ಫೋನ್ ಇಟ್ಟುಬಿಟ್ಟೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಎದುರು ಜಗುಲಿಯಿಂದ ಎರಡೂ ಮಕ್ಕಳು ನನ್ನನ್ನೇ ನೋಡುತ್ತಿದ್ದವು. ಏನು ಮಾಡಲಿ, ಹೇಳು? ಬೈದುಕೊಂಡೇ ರವೆ ಹುರಿದೆ. ನಿನ್ನನ್ನೂ ಸೇರಿಸಿಯೇ ಬೈದೆ.

ಎದುರು ಮನೆಗೆ ಒಯ್ದು ಪಾತ್ರೆ ಇಳಿಸಿದಾಗ ಸೆಲ್ವಿ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಅಣ್ಣ ಹೋದ ದಿನ ನೀವು ಏನಮ್ಮ ತಿಂದ್ರಿ?" ಎಂದಳು. ಈ ಒಂದು ವರ್ಷದಲ್ಲಿ ಆ ಮಾತು ಕೇಳಿದ್ದು ಅವಳೊಬ್ಬಳೇ. "ನಾನೇ ಮಾಡ್ದೆ ಅಕ್ಕ" ಎಂದೆ. "ನಿಮ್ಮನೆಗೆ ನಾವು ತರಬೇಕು ಅಂತ ಹೊಳೀಲೇ ಇಲ್ಲಮ್ಮ" ಎಂದು ಹಣೆ ಹಣೆ ಬಡಿದುಕೊಂಡು ಅತ್ತಳು. ಆಮೇಲೆ ಮಕ್ಕಳನ್ನು ಕರೆದು ಉಣ್ಣಿಸಿದೆವು.

ಇವತ್ತು ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರನ್ನು ಕೂರಿಸಿಕೊಂಡು ಹೇಳಿಬಿಟ್ಟೆ, ಇನ್ನು ಮೇಲೆ ಸಾವಿನ ಮನೆಯ ಊಟಕ್ಕೆ ಸರದಿ ಎಂದು. ಯಾರೂ ಎದುರಾಡಲಿಲ್ಲ. ಇಪ್ಪತ್ತು ಜನಕ್ಕೆ ರವೆ ಎಷ್ಟು, ನೀರು ಎಷ್ಟು ಎಂದು ಕೇಳಿಕೊಂಡರು. ನೀನಿದ್ದಿದ್ದರೆ "ನಾನಿಲ್ವೇನೇ?" ಎಂದು ಬೇಜಾರು ಮಾಡಿಕೊಳ್ಳುತ್ತಿದ್ದೆ. ಮಾಡಿಕೋ. ಅಮ್ಮ ಈಗೀಗ ಬಾಗಿಲ ತನಕ ಬಂದರೆ ಹೆಚ್ಚು. ಅವಳು ಹೋಗುವ ದಿನ ಬಂದಾಗ ನಾನು ಒಲೆ ಮುಂದೆ ನಿಲ್ಲುವುದಿಲ್ಲ, ಅಪ್ಪ. ಅವತ್ತು ನಾನು ಕೂತು ಅಳಬೇಕು. ನಿನಗಾಗಿ ಅಳುವುದೂ ಹಾಗೇ ಉಳಿದಿದೆ.