ಮೇಲಿನ ಗೆರೆ ದಾಟಿದ ಎಣ್ಣೆ

ಮರಳಿ ಗ್ರಾಮ
14 ಜೂನ್ 2025

ಮಗಳು ಲಲಿತಾಗೆ, ದೊಡ್ಡಪ್ಪ ಪಕೀರಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು, "ನನಗ ಗಾಡಿ ನಡಸಾಕ ಬರಂಗಿಲ್ಲ ಬಿಡ್ರಿ ದೊಡ್ಡಪ್ಪ, ಅವರು ಹೇಳೂದು ಖರೇ ಐತಿ" ಅಂದೆ. ನಾನು ಹ್ಞೂಂ ಅಂದುಬಿಟ್ಟೆ. ಆ ಹ್ಞೂಂ ಎರಡು ದಿನದಿಂದ ನನ್ನನ್ನು ಕುಂತಲ್ಲಿ ಕೂರಗೊಡುತ್ತಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಸಾಲಿ ಕಟ್ಟೆ ಹತ್ತದವನ ಅಕ್ಷರ, ನಿಧಾನವಾಗಿ ಓದಿಕೋ.

ನಿನ್ನ ಗಾಡಿ ಕೆಟ್ಟದ್ದು ನಿನ್ನಿಂದಲ್ಲ, ನನ್ನಿಂದ.

ಹೋದ ತಿಂಗಳ ಕೊನೆಯ ಭಾನುವಾರ ನೀನೊಬ್ಬಳೇ ಯಲಬುರ್ಗಾದಿಂದ ಇಲ್ಲಿಯವರೆಗೆ ಕಾರು ಓಡಿಸಿಕೊಂಡು ಬಂದಿದ್ದೆ. ನಿನ್ನ ದೊಡ್ಡವ್ವ ಹಂಪವ್ವ ಹೊಸ್ತಿಲಲ್ಲೇ ನಿನಗೆ ದೃಷ್ಟಿ ತೆಗೆದಳು. ನೀವಿಬ್ಬರೂ ನಗುತ್ತ ರೊಟ್ಟಿ ಬಡಿಯಲು ಒಳಗೆ ಹೋದಿರಿ. ನಾನು ಸುಮ್ಮನಿರಬೇಕಿತ್ತು. ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಎಣ್ಣೆ ಕೆಳಗಿನ ಗೆರೆಗೆ ತಾಗಿತ್ತು ಅಷ್ಟೇ. ಎಂಜಿನ್ ಆಗತಾನೇ ನಿಂತಿದೆ, ಎಣ್ಣೆ ಇನ್ನೂ ಮೇಲೆಲ್ಲ ಹರಡಿಕೊಂಡಿದೆ, ಹತ್ತು ನಿಮಿಷ ಬಿಟ್ಟರೆ ತಾನೇ ಇಳಿಯುತ್ತದೆ ಎಂಬುದು ಹೊಳೆಯಲಿಲ್ಲ. ಅಂಗಡಿಯಿಂದ ಲೀಟರಿನ ಡಬ್ಬಿ ತಂದು ಪೂರಾ ಸುರಿದೆ.

ಮೂವತ್ತೊಂದು ವರ್ಷ ಭತ್ತದ ಗಿರಣಿಯ ಎಂಜಿನ್ ನೋಡಿಕೊಂಡವನು ನಾನು. ಆ ಹಳೆಯ ಎಂಜಿನ್ ಎಣ್ಣೆ ಸೋರುತ್ತಿತ್ತು, ಕುಡಿಯುತ್ತಿತ್ತು. ಬೆಳಿಗ್ಗೆ ಗೆರೆಗಿಂತ ಮೇಲೆ ಹಾಕದಿದ್ದರೆ ಸಂಜೆಗೆ ಒಣಗುತ್ತಿತ್ತು. ಅದೇ ರೂಢಿಯಲ್ಲಿ ನಿನ್ನ ಕಾರಿಗೂ ಬಡಿಸಿದೆ. ಮಗಳು ಅಂಗನವಾಡಿ ನೋಡಲು ಊರೂರು ತಿರುಗುತ್ತಾಳೆ, ಕಡಿಮೆ ಬೀಳಬಾರದು ಎಂದುಕೊಂಡೆ. ನಿನಗೆ ಹೇಳಲೂ ಇಲ್ಲ.

ಮೂರನೆಯ ದಿನ ಕುಕನೂರಿನ ದಾರಿಯಲ್ಲಿ ಹೊಗೆ ಎದ್ದಿತಂತೆ. ಸುದ್ದಿ ಕೇಳಿ ಬಸ್ಸು ಹಿಡಿದು ಯಲಬುರ್ಗಾದ ಗ್ಯಾರೇಜಿಗೆ ಬಂದೆ. ಮಿಸ್ತ್ರಿ ಮಾಜೀದ ಕಡ್ಡಿ ಹಿಡಿದು ತೋರಿಸಿದ. ಎಣ್ಣೆ ಮೇಲಿನ ಗೆರೆ ದಾಟಿ ಎರಡು ಬೆರಳು ಏರಿತ್ತು. "ಅಜ್ಜಾರ, ಇದು ಹೋಳಿಗಿ ಮ್ಯಾಲ ಬಡಸೂ ತುಪ್ಪ ಅಲ್ರಿ," ಅಂದ. "ಹೆಚ್ಚಾದ್ರ ಒಳಗ ತಿರುಗೂ ಕ್ರ್ಯಾಂಕು ಎಣ್ಣಿಗೆ ಬಡದು ಮಜ್ಜಿಗಿ ಕಡದಂಗ ಕಡೀತೈತಿ. ಬರೇ ನೊರಿ. ನೊರಿ ಎಲ್ಲಿ ಜಾರಸ್ತೈತ್ರಿ? ಎಣ್ಣಿ ಇದ್ದೂ ಕಬ್ಬಿಣಕ್ಕ ಕಬ್ಬಿಣ ತಿಕ್ಕತೈತಿ." ಒಳಗಿನ ಒತ್ತಡಕ್ಕೆ ಸೀಲು ಹರಿದಿತ್ತು. ಎಣ್ಣೆ ಮೇಲೇರಿ ಸುಟ್ಟು ಹೊಗೆಯಾಗಿತ್ತು.

ಹೊಗೆ ಕಂಡೊಡನೆ ನೀನು ಗಾಡಿ ನಿಲ್ಲಿಸಿದ್ದೆ. "ಇನ್ನ ಎರಡು ಮೈಲಿ ಹೊಡದಿದ್ರ ಎಂಜಿನ್ ಬಿಗದು ಹೋಗ್ತಿತ್ತು. ನಿಲ್ಸಿದಾಕಿ ಶಾಣ್ಯಾಕಿ," ಅಂದ ಮಾಜೀದ. ಈ ಮಾತನ್ನು ನಿನಗೆ ಯಾರೂ ಮುಟ್ಟಿಸಲಿಲ್ಲ. ನಾನೂ ಮುಟ್ಟಿಸಲಿಲ್ಲ.

ಓಡಿಸಲು ಬರದವಳು ಎಂಜಿನ್ ಸುಟ್ಟಳು ಎಂದು ನಿನ್ನ ಗಂಡ ಪ್ರವೀಣಕುಮಾರ ಚಾವಿ ಕಸಿದುಕೊಂಡ. ಗಾಡಿ ರಿಪೇರಿಯಾಗಿ ಮನೆ ಮುಂದೆ ನಿಂತಿದ್ದರೂ ನೀನು ರಿಜಿಸ್ಟರ್ ಚೀಲ ಹೊತ್ತು ಬಸ್ಸಿಗೆ ಕಾಯುತ್ತಿದ್ದೀ. ನಾನು ಎಣ್ಣೆ ಸುರಿದದ್ದು ಅವನಿಗೆ ಗೊತ್ತಿಲ್ಲ, ಪಾಪ. ಈ ಪತ್ರ ತೋರಿಸು. ಬೈಯುವುದಿದ್ದರೆ ನನ್ನನ್ನು ಬೈಯಲಿ.

ದಣಿದಿದ್ದೇನೆ ತಾಯಿ. ಕೈಗೆ ಕೆಲಸವಿಲ್ಲದ ಮುದುಕನಿಗೆ ಯಾರದಾದರೂ ಬಾನೆಟ್ ಎತ್ತುವ ಚಟ. ಇನ್ನು ನಿನ್ನ ಕಾರಿನ ಹತ್ತಿರ ಸುಳಿಯುವುದಿಲ್ಲ. ಆದರೆ ಬರುವಾಗ ನೀನೇ ಓಡಿಸಿಕೊಂಡು ಬಾ.

ನಿನ್ನ ದೊಡ್ಡಪ್ಪ,
ಪಕೀರಪ್ಪ

ತಾ.ಕ.: ಬರೆದು ಮುಗಿಸಿ ಓದಿಕೊಂಡೆ. ಒಂದು ಸುಳ್ಳು ಉಳಿದಿದೆ. ಪ್ರವೀಣಕುಮಾರನಿಗೆ ಗೊತ್ತು. ಅಂದೇ ಗ್ಯಾರೇಜಿನ ಮುಂದೆ ಅವನಿಗೆ ಎಲ್ಲ ಹೇಳಿದ್ದೆ. "ಆಕಿ ಮುಂದ ಹೇಳಬ್ಯಾಡ್ರಿ ಮಾವಾರ, ಹಿಂಗಾದ್ರೂ ಗಾಡಿ ಹುಚ್ಚು ಬಿಡ್ಲಿ," ಅಂದ. ನಿಮ್ಮ ನಡುವೆ ಜಗಳ ಬೇಡವೆಂದು ನಾನು ತಲೆಯಾಡಿಸಿದೆ. ಮನೆಯಲ್ಲಿಟ್ಟರೆ ನೀನು ಹುಡುಕುತ್ತೀ ಎಂದು ಆಮೇಲೆ ಅವನೇ ಇಲ್ಲಿಗೆ ಬಂದು ಎರಡೂ ಚಾವಿ ನನ್ನ ಕೈಗಿಟ್ಟು ಹೋದ. ಹತ್ತು ದಿನ ನಮ್ಮ ಅಕ್ಕಿ ಡಬ್ಬಿಯಲ್ಲಿದ್ದವು. ಲಕೋಟೆಯ ತಳದಲ್ಲಿ ಬಟ್ಟೆ ಸುತ್ತಿಟ್ಟದ್ದು ಅವೇ. ಹೊರಡುವ ಮೊದಲು ಕಡ್ಡಿ ನೀನೇ ಎಳೆದು ನೋಡು. ಎಂಜಿನ್ ತಣ್ಣಗಿರಲಿ.