ಗುಬ್ಬಿ-ಮೂರರ ಹಿಂದಿನ ಸೀಟು

ಡಿಸೆಂಬರ್ 4, ಗುರುವಾರ

ರೆಕ್ಕೆಯ ಪಟ್ಟಿಗಳಿಗೆ ಪಾಲಿಶ್ ಕಾಗದ ತಿಕ್ಕಿದೆ. ಇನ್ನೂ ಹನ್ನೊಂದು ಬಾಕಿ. ಸೋಫಾ ಮಾಡುವ ಕೈ ವಿಮಾನಕ್ಕೆ ಹಚ್ಚಿ ಆರು ವರ್ಷವಾಯಿತು.

ನಮ್ಮ ಮೊದಲ ವಿಮಾನ ಗುಬ್ಬಿ-ಒಂದಕ್ಕೆ ಬೈಕಿನ ಎಂಜಿನ್. ಮೊಣಕಾಲೆತ್ತರ ಎದ್ದು ಕುಂತುಬಿಟ್ಟಿತ್ತು. ಎರಡಕ್ಕೆ ರೆಕ್ಕೆ ಎರಡೆರಡು ಫೂಟು ಉದ್ದ ಮಾಡಿದೆ, ಎಂಜಿನ್ ಕೆಲಸದ ಜೊತೆಗಾರ ಆಫ್ತಾಬ ಹೈದರಾಬಾದಿನಿಂದ ಬೇರೆ ಎಂಜಿನ್ ತಂದ. ಹಾರಿತು. ಗೊಬ್ಬೂರದ ಹುಲೆಪ್ಪನ ಬೀಳು ಹೊಲದ ಈ ತುದಿಯಿಂದ ಆ ತುದಿಗೆ, ಮತ್ತೆ ವಾಪಸ್. ನಾನು ಅತ್ತುಬಿಟ್ಟೆ.

ಹಾರುವುದನ್ನು ಬಿಚ್ಚಿ ಮೂರು ಏಕೆ? ಎರಡನೇ ಸೀಟು ಹಾಕಬೇಕಂತೆ. ಯಾರಿಗೆ ಎಂದರೆ ಆಫ್ತಾಬ ನಗುತ್ತಾನೆ. ಕಟ್ಟಿಗೆ ಕೆಲಸ ನನ್ನದು, ಪರ್ಮಿಷನ್ ಕಾಗದ ಮಾತ್ರ ಅವನ ಹೆಸರಲ್ಲಿ. ಪೈಲಟ್ ಲೈಸೆನ್ಸ್ ಇರುವವನು ಅವನು, ಸರಿ... ಆದರೂ.

ಡಿಸೆಂಬರ್ 11

ಜೇವರ್ಗಿಯಿಂದ ಹೊಸ ಪೆಟ್ರೋಲ್ ಟ್ಯಾಂಕ್ ಬಂತು. ಎರಡರಲ್ಲಿ ಟ್ಯಾಂಕ್ ಸೀಟಿನ ಹಿಂದಿತ್ತು, ಪಂಪು ಎಳೆಯುತ್ತಿತ್ತು. ಮೂರರಲ್ಲಿ ರೆಕ್ಕೆಯ ಮೇಲೆ.

"ಪೆಟ್ರೋಲ್ ತಾನಾಗೇ ಇಳೀತದ ಕಾಕಾ. ಪಂಪ್ ಕೆಡೋ ಚಿಂತೀನ ಇಲ್ಲ," ಎಂದ ಆಫ್ತಾಬ.

ಪಂಪು ಅವನ ಚೀಲಕ್ಕೆ ಹೋಯಿತು. ಮುಚ್ಚಳದ ನಡುವೆ ಸೂಜಿ ಗಾತ್ರದ ತೂತು ಇದೆ. ತೂತು ಬಿದ್ದ ಮಾಲು ಅಗ್ಗಕ್ಕೆ ತಂದಿರಬೇಕು. ಕೇಳಲಿಲ್ಲ. ಕೇಳಿದರೆ ನಿಮಗೆ ಎಂಜಿನ್ ತಿಳಿಯುವುದಿಲ್ಲ ಎಂದಾನು.

ಸಂಜೆ ಕಾಶಿಬಾಯಿ ಫೋನಿನಲ್ಲಿ ಪಿಸಪಿಸ. ನನ್ನ ಕಂಡು ಇಟ್ಟುಬಿಟ್ಟಳು. "ಆಫ್ತಾಬಂದು. ಸುಮ್ನ ಮಾತಾಡ್ಸಿದ." ನನ್ನ ಹೆಂಡತಿಯನ್ನು ಸುಮ್ಮನೆ ಏಕೆ ಮಾತಾಡಿಸುತ್ತಾನೆ?

ಡಿಸೆಂಬರ್ 19, ಎಳ್ಳ ಅಮಾಸಿ

ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ಕಡಬು ಹೊಟ್ಟೆ ಬಿರಿಯುವಷ್ಟು ಉಂಡು ಶೆಡ್ಡಿಗೆ ಬಂದೆ. ಗುಬ್ಬಿಯ ಪೂಜೆ. ಒಂದರಿಂದ ಇಲ್ಲಿಯವರೆಗೆ ಒಂದು ಅಮಾಸಿ ತಪ್ಪಿಸಿಲ್ಲ. ಮೂತಿಗೆ ಕುಂಕುಮ, ಗಾಲಿಗೆ ನಿಂಬೆಹಣ್ಣು, ಟ್ಯಾಂಕಿನ ಮುಚ್ಚಳಕ್ಕೆ ಎಣ್ಣೆಯಲ್ಲಿ ಕಲಸಿದ ಮನೆದೇವರ ಅರಿಶಿನ ಭಂಡಾರ. ಆ ತೂತಿಗೂ ಒತ್ತಿದೆ. ಧೂಳಾದರೂ ಹೋಗುವುದಿಲ್ಲ.

ಡಿಸೆಂಬರ್ 20

ಆಫ್ತಾಬ ನೆಲದ ಮೇಲೆ ಓಡಿಸಿದ. ಆರನೇ ನಿಮಿಷಕ್ಕೆ ಎಂಜಿನ್ ಗಪ್. ಮುಚ್ಚಳ ತೆಗೆದು ನೋಡಿದ, ಪೆಟ್ರೋಲ್ ತುಂಬಿದೆ. ಮುಚ್ಚಿದ, ಶುರುವಾಯಿತು. ಮತ್ತೆ ಆರು ನಿಮಿಷಕ್ಕೆ ಬಂದ್. ಪೈಪು ಬಿಚ್ಚಿ ಊದಿದ, ಫಿಲ್ಟರ್ ಬದಲಿಸಿದ.

ಎರಡರಲ್ಲಿ ಒಮ್ಮೆಯೂ ಹೀಗಾಗಿಲ್ಲ. ಟ್ಯಾಂಕ್ ಬದಲಿಸಿದವನು ಯಾರು?

ಜನವರಿ 6

ಇವತ್ತು ಇಪ್ಪತ್ತು ನಿಮಿಷ ನಿಲ್ಲದೆ ಓಡಿತು. ನಾನು ಹೋಗುವ ಮುಂಚೆಯೇ ಆಫ್ತಾಬ ಬಂದಿದ್ದ.

"ಏನ್ ಮಾಡ್ದಿ?"

"ಏನಿಲ್ಲ ಕಾಕಾ. ಮ್ಯಾಲಿಂದ ಕೆಳಗ ಪೆಟ್ರೋಲ್ ಹಚ್ಚಿದ ಅರಿವಿಲೆ ಒರಿಸಿ ಸ್ವಚ್ಛ ಮಾಡ್ದೆ."

ಒರೆಸಿದರೆ ಎಂಜಿನ್ ಓಡುತ್ತದೆಯೇ? ಯಾರ ಕಿವಿಗೆ ಹೂ?

ಜನವರಿ 19

ಮತ್ತೆ ಆರು ನಿಮಿಷ. ನಿನ್ನೆ ಅಮಾಸಿ, ಪೂಜೆ ಮಾಡಿ ಬೀಗ ಹಾಕಿದವನು ನಾನೇ. ಇವತ್ತು ಬೆಳಿಗ್ಗೆ ಹೈದರಾಬಾದಿನಿಂದ ಇಳಿದು ನೆಟ್ಟಗೆ ಶೆಡ್ಡಿಗೆ ಬಂದವನು ಅವನು. ಅವನು ಕೈ ಇಟ್ಟ, ಅದು ಕೆಟ್ಟಿತು. ಇನ್ನೇನು ಬೇಕು?

ಈಗ ಲೆಕ್ಕ ಕೂಡುತ್ತಿದೆ. ಹೈದರಾಬಾದಿನಲ್ಲಿ ಯಾವನೋ ಗಿರಾಕಿ ಇದ್ದಾನೆ. ಹಿಂದಿನ ಸೀಟು ಅವನಿಗೆ. ನಾನು ಬೇಸತ್ತು ಕೈಬಿಡಲಿ ಎಂದು ಆಫ್ತಾಬ ಕಾಯುತ್ತಿದ್ದಾನೆ.

ಫೆಬ್ರವರಿ 8, ರವಿವಾರ

ಇಪ್ಪತ್ತು ದಿನ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ಹೋದರೆ ಗುಬ್ಬಿ ಫಳಫಳ. ಆಫ್ತಾಬ ಒಬ್ಬನೇ ತೊಳೆದು ದಿನಾ ಅರ್ಧ ಗಂಟೆ ಓಡಿಸುತ್ತಿದ್ದಾನಂತೆ. ಒಮ್ಮೆಯೂ ನಿಂತಿಲ್ಲವಂತೆ. ನಾನಿಲ್ಲದಾಗ ಮಾತ್ರ ಓಡುತ್ತದೆ!

ಬಾಯಿ ತಡೆಯಲಿಲ್ಲ, ಎಲ್ಲ ಅಂದುಬಿಟ್ಟೆ. ಗಿರಾಕಿ, ಟ್ಯಾಂಕು, ಪಂಪು. ಅವನ ಮುಖ ಸಣ್ಣದಾಯಿತು.

"ಆರು ವರ್ಷ ಕೂಡಿ ಉಂಡೀವಿ ಕಾಕಾ. ನಾ ಕಳ್ಳ ಏನ್ರಿ?"

ಹದಿನೆಂಟನೇ ತಾರೀಖಿಗೆ ಕರಜಗಿಯ ಕಬ್ಬಿನ ಹೊಲದ ತನಕ ಹಾರಿಸುತ್ತಾನಂತೆ, ನೀವೂ ಬರ್ರಿ ಎಂದ. ನಿನ್ನ ಹಿಂದೆ ನಾನು ಕೂರುವುದಿಲ್ಲ ಎಂದೆ.

ಫೆಬ್ರವರಿ 17, ಅಮಾಸಿ

ನಾಲ್ಕು ಗಂಟೆಗೆ ಟ್ಯಾಂಕ್ ತುಂಬಿಸಿದೆವು. ಮುಚ್ಚಳಕ್ಕೆ ನಾನೇ ತಂತಿ ಬಿಗಿದು, ಗಂಟಿಗೆ ಸಹಿ ಮಾಡಿದ ಚೀಟಿ ಅಂಟಿಸಿದೆ. ಯಾರು ಮುಟ್ಟಿದರೂ ತಿಳಿಯಬೇಕು.

"ನಿಮ್ಮ ಸಮಾಧಾನಕ್ಕ ಕಟ್ರಿ," ಎಂದ ಆಫ್ತಾಬ. ಹೋದ.

ಆಮೇಲೆ ಪೂಜೆ. ನಾಳೆ ಎತ್ತರಕ್ಕೆ ಹೋಗುವುದು. ಸಿಟ್ಟು ಅವನ ಮೇಲೆ, ಗುಬ್ಬಿಯ ಮೇಲಲ್ಲ. ಭಂಡಾರ ಎಂದಿಗಿಂತ ದಪ್ಪಗೆ ಬಳಿದೆ.

ಫೆಬ್ರವರಿ 18, ಬೆಳಿಗ್ಗೆ 7.30

ಹುಲೆಪ್ಪನ ಹೊಲ. ಟೈಮ್ ಬರೆದುಕೊಳ್ಳುವ ಕೆಲಸ ನನ್ನದು, ಅದಕ್ಕೇ ಈ ಡೈರಿ. ಕಾಶಿಬಾಯಿ ಸ್ಟೋ ಹೊತ್ತಿಸಿದ್ದಾಳೆ. ಇಳಿದ ಮೇಲೆ ಎಲ್ಲರಿಗೂ ಮಿರ್ಚಿ ಭಜಿ.

ಆಫ್ತಾಬ ಏಣಿ ಹತ್ತಿ ಎಲ್ಲ ನೋಡಿದ. ಮುಚ್ಚಳದ ಹತ್ತಿರ ಕೈ ಹಿಂದೆ ತೆಗೆದ. "ನಿಮ್ಮ ಸೀಲ್ ನಾ ಮುಟ್ಟಾಂಗಿಲ್ಲ ಕಾಕಾ." ಇಳಿದ. ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿದ.

7.40 — ಎಂಜಿನ್ ಶುರು.

7.41 — ಎದ್ದ. ನೆಟ್ಟಗೆ, ಚೆಂದ. ಹುಲೆಪ್ಪ ಸೀಟಿ ಹೊಡೆದ.

7.43 — ಕರಜಗಿ ಕಡೆ ತಿರುಗಿದ. ಕಾಶಿಬಾಯಿ ಸೆರಗು ಕಣ್ಣಿಗೆ ಒತ್ತಿಕೊಂಡಳು. "ನೀವು ಅದರಾಗ ಕುಂತಿರಬೇಕಿತ್ರಿ. ನಿಮಗ ಅಂತ ಮಾಡಿದ ಸೀಟದು. ನಿಮ್ಮ ನಡದ ಅಳತಿ ನನ್ನ ಕಡಿಂದ ಫೋನಿನಾಗ ಇಸ್ಕೊಂಡಿದ್ದ. ಕಟ್ಟಿದಾಂವ ಒಮ್ಮೆರ ಮ್ಯಾಲೆ ಹೋಗಬೇಕು, ಹೇಳಬ್ಯಾಡ್ರಿ ಕಾಕಿ ಅಂದಿದ್ದ."

ನನ್ನ ಅಳತೆ. ನಾನು ಅವನಿಗೆ ಏನೆಲ್ಲ ಅಂದೆ. ನಾಚಿಕೆಯಾಗುತ್ತಿದೆ. ಇಳಿಯಲಿ, ಕೈ ಹಿಡಿದು ಕೇಳುತ್ತೇನೆ.

7.44 — ಹುಲೆಪ್ಪ ಹೊಸ ಎಣ್ಣೆ ಡಬ್ಬಕ್ಕೆ ಮೊಳೆಯಿಂದ ತೂತು ಮಾಡಿ ಬಗ್ಗಿಸಿದ. ಎಣ್ಣೆ ಎರಡು ಗುಟುಕು ಬಂದು ನಿಂತಿತು. ಕಾಶಿಬಾಯಿ ಮೊಳೆ ಕಸಿದುಕೊಂಡಳು. "ಒಂದ ತೂತ ಮಾಡಿದ್ರ ಹೆಂಗ್ ಬರ್ತದೋ ಹುಲೆಪ್ಪಾ? ಗಾಳಿ ಹೋಗಾಕ ಮ್ಯಾಲೊಂದು ಬೇಕು." ಹೊಡೆದಳು. ಧಾರೆಯಾಗಿ ಬಂತು.

ಗಾಳಿ ಹೋಗಲು. ಮೇಲೊಂದು.

ಟ್ಯಾಂಕಿನ ಮುಚ್ಚಳದ ಸೂಜಿ ಗಾತ್ರದ ತೂತು. ಅವನು ಒರೆಸಿದಾಗೆಲ್ಲ ಓಡಿತು. ಮುಚ್ಚಳ ತೆಗೆದಾಗೆಲ್ಲ ಓಡಿತು. ಅಮಾಸಿ ಆದ ಮರುದಿನವೇ ನಿಂತಿತು. ಪ್ರತಿ ಸಲ.

7.45 — ಆಫ್ತಾಬನಿಗೆ ಫೋನ್ ಹಚ್ಚಿದೆ. ರಿಂಗ್ ನನ್ನ ಜೇಬಿನಲ್ಲೇ. ಹಾರುವ ಮುಂಚೆ ಹಿಡ್ಕೋರಿ ಕಾಕಾ ಎಂದು ಕೊಟ್ಟು ಹೋಗಿದ್ದಾನೆ. ನನ್ನ ಕೂಗಿಗೆ ಹುಲೆಪ್ಪ ಟವೆಲ್ ಬೀಸುತ್ತಾ ಕಬ್ಬಿನ ಕಡೆ ಓಡುತ್ತಿದ್ದಾನೆ. ಟೈಮ್ ಬರೆಯುವ ಕೆಲಸ ನನ್ನದು, ಬರೆಯುತ್ತಿದ್ದೇನೆ.

7.46 — ಆರು ನಿಮಿಷ. ಭಂಡಾರ ನನ್ನದು. ತಂತಿ ನನ್ನದು. ಸದ್ದು ಇನ್ನೂ ಇದೆ. ಇನ್ನೂ ಇದೆ. ಆಫ್ತಾಬ, ನಾನೇ ಕಣೋ, ನಾನೇ